ಬೆಕ್ಕಿನ ಮರಿ ಮನೆಗೆ ಬಂತು: ಮೊದಲ ಆರು ತಿಂಗಳ ಲೆಕ್ಕ

ನಮ್ಮ ಶಿರಸಿ ಕಡೆಯ ಹಳ್ಳಿ ಮನೆಗಳಲ್ಲಿ ಬೆಕ್ಕನ್ನು ಯಾರೂ ಸಾಕುವುದಿಲ್ಲ. ಅದು ಇರುತ್ತದೆ, ಅಷ್ಟೇ. ಅಟ್ಟದಲ್ಲಿ ಅಡಿಕೆ ಮೂಟೆ ಇದ್ದ ಮೇಲೆ ಇಲಿ, ಇಲಿ ಇದ್ದ ಮೇಲೆ ಬೆಕ್ಕು. ಬೆಳಿಗ್ಗೆ ಹಾಲು ಕರೆದು ತಂದಾಗ ಎರಡು ಗುಟುಕು ಹಾಲು, ಮಧ್ಯಾಹ್ನ ನಮ್ಮದೆಲ್ಲ ಊಟ ಆದ ಮೇಲೆ ಒಂದು ಮುಷ್ಟಿ ಹಾಲನ್ನ. ಉಳಿದದ್ದು ಅದರ ಪಾಡು. ದೊಡ್ಡ ಬೆಕ್ಕು ಹೀಗೂ ಬದುಕುತ್ತದೆ, ಯಾಕೆಂದರೆ ಕೊಟ್ಟಿಗೆ ಹಿಂದೆ, ತೋಟದಲ್ಲಿ ತನಗೆ ಬೇಕಾದ ಮಾಂಸ ತಾನೇ ಹಿಡಿದು ತಿನ್ನುತ್ತದೆ. ಮರಿಗೆ ಆ ವಿದ್ಯೆ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಹಾಲನ್ನ ಒಂದೇ ಗತಿ ಅಂತಾದರೆ ಬಡವಾಗುತ್ತದೆ, ಇಲ್ಲ ಸಾಯುತ್ತದೆ.

ಇದು ನನಗೆ ತಡವಾಗಿ ಗೊತ್ತಾಯಿತು. ಕೆಲಸಕ್ಕೆಂದು ಕಾರವಾರದಲ್ಲಿ ಬಾಡಿಗೆ ರೂಮಿನಲ್ಲಿದ್ದಾಗ ಗಟಾರದ ಪಕ್ಕ ಕೂಗುತ್ತಿದ್ದ ಮರಿಯೊಂದನ್ನು ಎತ್ತಿಕೊಂಡು ಬಂದೆ. ಮಳೆಗಾಲ. ಮರಿ ಒದ್ದೆ. ಒರೆಸಿ ಕೂಡಲೇ ಪ್ಯಾಕೆಟ್ ಹಾಲು ಕುಡಿಸಿದೆ. ಎರಡನೇ ದಿನ ಭೇದಿ ಶುರುವಾಯಿತು, ಐದನೇ ದಿನ ಮರಿ ಇಲ್ಲ. ಕೆಳಗಿನ ಮನೆಯ ಅಕ್ಕ ನೋಡಿ, "ಹಾಲು ಕರುವಿಗೆ ಮಾರಾಯ್ತಿ, ಬೆಕ್ಕಿಗಲ್ಲ" ಅಂದರು. ಅವರ ಮನೆಯಲ್ಲಿ ನಾಲ್ಕು ಬೆಕ್ಕು ಇದ್ದವು, ನಾಲ್ಕೂ ಗಟ್ಟಿಮುಟ್ಟು. ಮುಂದೆ ಬರೆದದ್ದರಲ್ಲಿ ಅರ್ಧ ಅವರಿಂದ ಕಲಿತದ್ದು, ಉಳಿದರ್ಧ ಪಶುವೈದ್ಯರಿಂದ ಮತ್ತು ಆಮೇಲೆ ಶಿರಸಿ ಮನೆಗೆ ಬಂದ ಮರಿಗಳಿಂದ.

ಮೊದಲು ವಯಸ್ಸು ನೋಡಿ

ಮರಿಯನ್ನು ತಾಯಿಯಿಂದ ಬಿಡಿಸಲು ಸರಿಯಾದ ಸಮಯ ಎಂಟು ವಾರ. ಆದರೆ ನಮ್ಮಲ್ಲಿ ತಿಂಗಳಾಗುತ್ತಿದ್ದಂತೆ "ಹೇಗೂ ಅನ್ನ ತಿಂತದೆ, ತಗೊಂಡು ಹೋಗಿ" ಅಂತ ಕೊಟ್ಟುಬಿಡುತ್ತಾರೆ. ಇನ್ನೊಂದು ತಿಂಗಳು ಅಲ್ಲೇ ಇರಲಿ ಅಂತ ಕೇಳಿಕೊಳ್ಳಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಮರಿ ಕಲಿಯುವುದು ಅಣ್ಣ ತಮ್ಮಂದಿರ ಜೊತೆ ಕುಸ್ತಿ ಆಡುವಾಗ. ಬೇಗ ಬಿಡಿಸಿದ ಮರಿ ಆ ಪಾಠವನ್ನು ನಿಮ್ಮ ಕೈ ಮೇಲೆ ಕಲಿಯುತ್ತದೆ. ಇನ್ನೊಂದು ವಿಷಯ: ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ ಬಳಕೆಯಾದ ಮರಿ ಜನ್ಮವಿಡೀ ಮನುಷ್ಯರಿಗೆ ಹೆದರುವುದು ಕಡಿಮೆ. ಹಾಗಾಗಿ ಅದು ತಾಯಿ ಹತ್ತಿರ ಇರುವಾಗಲೇ ದಿನಾ ಹೋಗಿ ಸ್ವಲ್ಪ ಹೊತ್ತು ಎತ್ತಿ ಆಡಿಸಿ ಬಂದರೆ ಒಳ್ಳೆಯದು.

ವಯಸ್ಸು ಗೊತ್ತಾಗುವುದು ಹೇಗೆ? ಕಣ್ಣು ಬಿಡುವುದು ಹುಟ್ಟಿದ 7ರಿಂದ 14 ದಿನದೊಳಗೆ. ಮೂರು ವಾರಕ್ಕೆ ಕಿವಿ ನೆಟ್ಟಗಾಗಿ ತೂರಾಡುತ್ತಾ ನಡೆಯುತ್ತದೆ. ನಾಲ್ಕು ವಾರಕ್ಕೆ ಮುಂದಿನ ಚಿಕ್ಕ ಹಲ್ಲು ಕಾಣಿಸಿ, ಓಡಲು ನೋಡುತ್ತದೆ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ಎರಡು ತಿಂಗಳಿಗೆ 800ರಿಂದ 900 ಗ್ರಾಂ ತೂಗಬೇಕು. ಅಡುಗೆಮನೆ ತಕ್ಕಡಿಯಲ್ಲಿ ಪಾತ್ರೆ ಇಟ್ಟು ಅದರಲ್ಲಿ ಕೂರಿಸಿದರೆ ಆಯಿತು. ವಾರಕ್ಕೊಮ್ಮೆ ತೂಕ ಬರೆದಿಡಿ. ಮರಿ ಬೆಳೆಯುತ್ತಿದೆಯೋ ಇಲ್ಲವೋ ಹೇಳಲು ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ದಾರಿಯಲ್ಲಿ ಒಂಟಿ ಮರಿ ಕಂಡ ಕೂಡಲೇ ಎತ್ತಬೇಡಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುತ್ತಾರಲ್ವಾ? ನೀವು ನೋಡಿದ್ದು ಮೂರನೇ ಮನೆಯಿಂದ ನಾಲ್ಕನೇ ಮನೆಗೆ ಸಾಗಿಸುವ ಹೊತ್ತೂ ಇರಬಹುದು. ಮರಿ ಬೆಚ್ಚಗಿದ್ದು, ನಾಯಿ ಅಥವಾ ವಾಹನದ ಅಪಾಯ ಇಲ್ಲದಿದ್ದರೆ ದೂರ ನಿಂತು ಕೆಲವು ತಾಸು ನೋಡಿ. ಕಾಡಂಚಿನ ಮನೆಯವರಿಗೆ ಇನ್ನೊಂದು ಮಾತು. ಬೆಟ್ಟದಲ್ಲಿ, ಹೊಳೆ ಪಕ್ಕದಲ್ಲಿ ಚುಕ್ಕೆ ಚುಕ್ಕೆ ಮೈಯ ಚೆಂದದ ಮರಿ ಸಿಕ್ಕಿದರೆ ಅದು ಚಿರತೆ ಬೆಕ್ಕಿನ ಮರಿ ಆಗಿರಬಹುದು. ಅದನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ನಾಲ್ಕು ವಾರದ ಒಳಗಿನ ಅನಾಥ ಮರಿಯೇ ಕೈಗೆ ಬಂದರೆ? ಮೊದಲು ಮೈ ಬೆಚ್ಚಗೆ ಮಾಡಿ, ಆಮೇಲೆ ಹೊಟ್ಟೆಗೆ. ತಣ್ಣಗಿರುವ ಮರಿಗೆ ಕುಡಿಸಿದ್ದು ಜೀರ್ಣವಾಗುವುದಿಲ್ಲ. ನಾನು ಮಾಡಿದ ಮೊದಲ ತಪ್ಪು ಅದೇ. ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ, ಅದನ್ನೇ ತನ್ನಿ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪ ಎತ್ತರ ಇರಬೇಕು. ಎರಡು ಮೂರು ತಾಸಿಗೊಮ್ಮೆ, ರಾತ್ರಿ ಕೂಡ. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಿ, ಆಗ ಉಚ್ಚೆ ಹೊಯ್ಯುತ್ತದೆ. ತಾಯಿ ನೆಕ್ಕಿ ಮಾಡಿಸುವ ಕೆಲಸ ಇದು, ಆ ವಯಸ್ಸಿನಲ್ಲಿ ಮರಿಗೆ ತಾನಾಗಿ ಆಗುವುದಿಲ್ಲ.

ತರುವ ದಿನ, ಮೊದಲ ರಾತ್ರಿ

ಅಜ್ಜಿ ಕಾಲದಲ್ಲಿ ಗೋಣಿಚೀಲದಲ್ಲಿ ಹಾಕಿ, ದಾರಿ ಗುರುತು ಸಿಗಬಾರದು ಅಂತ ಸುತ್ತುಬಳಸಿ ತರುತ್ತಿದ್ದರು. ಬೇಡ. ರಟ್ಟಿನ ಪೆಟ್ಟಿಗೆಗೆ ಬೆರಳು ಗಾತ್ರದ ತೂತು ಮಾಡಿ, ತಾಯಿ ಮಲಗಿದ ಬಟ್ಟೆಯ ತುಂಡೊಂದನ್ನು ಕೇಳಿ ಒಳಗೆ ಹಾಕಿ. ಆ ವಾಸನೆಯೇ ಮೊದಲ ಎರಡು ರಾತ್ರಿ ಅದಕ್ಕೆ ಆಸರೆ.

ಮನೆಗೆ ಬಂದ ಮೇಲೆ ಇಡೀ ಮನೆ ತೋರಿಸಬೇಡಿ. ಒಂದೇ ಕೋಣೆ. ನಮ್ಮ ಹಳೆ ಮನೆಗಳು ಮರಿಗೆ ದೊಡ್ಡ ಊರಿದ್ದ ಹಾಗೆ: ಜಗುಲಿ, ಅಟ್ಟ, ಬಚ್ಚಲುಮನೆ, ಕೊಟ್ಟಿಗೆ. ಒಂದು ಸಲ ಹೆದರಿ ಅಟ್ಟ ಸೇರಿದರೆ ಮೂರು ದಿನ ಕೂಗು ಮಾತ್ರ ಕೇಳುತ್ತದೆ, ಮರಿ ಕಾಣುವುದಿಲ್ಲ. ಕೋಣೆಯ ಒಂದು ಮೂಲೆಯಲ್ಲಿ ಹಾಸಿಗೆ, ಇನ್ನೊಂದು ಕಡೆ ಊಟ ಮತ್ತು ನೀರು, ಸಾಧ್ಯವಾದಷ್ಟು ದೂರದ ಮೂಲೆಯಲ್ಲಿ ಮಣ್ಣಿನ ಟಬ್. ಅಡಗಲು ಒಂದು ಪೆಟ್ಟಿಗೆ ಮಗುಚಿ ಬಾಗಿಲು ಕತ್ತರಿಸಿಡಿ. ಮರಿ ಅದರೊಳಗೆ ಹೋಗಿ ಕೂತರೆ ಎಳೆದು ತೆಗೆಯಬೇಡಿ. ನೀವು ನೆಲದ ಮೇಲೆ ಸುಮ್ನೆ ಕೂತು ನಿಮ್ಮ ಕೆಲಸ ಮಾಡಿ. ಅದು ನೋಡಿದಾಗ ಕಣ್ಣನ್ನು ನಿಧಾನಕ್ಕೆ ಮುಚ್ಚಿ ತೆರೆಯಿರಿ. ಬೆಕ್ಕಿನ ಭಾಷೆಯಲ್ಲಿ ಅದು ಹೆದರಬೇಡ ಅಂದ ಹಾಗೆ. ಮನೆಯ ಮಕ್ಕಳಿಗೆ ಇದನ್ನು ಆಟ ಅಂತ ಹೇಳಿಕೊಟ್ಟರೆ ಮರಿಯನ್ನು ಅಟ್ಟಿಸಿಕೊಂಡು ಹೋಗುವುದು ತಪ್ಪುತ್ತದೆ.

ರಾತ್ರಿ ಕೂಗುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ದಪ್ಪ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಬಿಸಿ ಹೆಚ್ಚಾದರೆ ಸರಿದುಕೊಳ್ಳಲು ಜಾಗ ಇರಲಿ. ಮಳೆಗಾಲದಲ್ಲಿ ಮರಿ ತಾನಾಗಿ ಹುಡುಕುವ ಜಾಗ ಬಚ್ಚಲೊಲೆ. ಬೂದಿ ಬೆಚ್ಚಗಿರುತ್ತದೆ ನೋಡಿ. ಬಡತನಕ್ಕೆ ಒಲೆಯಲ್ಲಿ ಬೆಕ್ಕು ಮಲಗಿದೆ ಅನ್ನುತ್ತೇವೆ, ನಮ್ಮ ಮನೆಯಲ್ಲಿ ಅದು ಅಕ್ಷರಶಃ ನಿಜ. ಬೂದಿಯ ಕೆಳಗೆ ಕೆಂಡ ಉಳಿದಿರುತ್ತದೆ. ಜೊತೆಗೆ ಮರಿ ಒಳಗೆ ಮಲಗಿದ್ದು ಗೊತ್ತಿಲ್ಲದೆ ಬೆಳಗಿನ ಜಾವ ಬೆಂಕಿ ಹಾಕುವವರೂ ಇದ್ದಾರೆ. ರಾತ್ರಿ ಒಲೆ ಬಾಯಿಗೆ ತಗಡು ಅಡ್ಡ ಇಡಿ, ಬೆಳಿಗ್ಗೆ ಬೆಂಕಿ ಹಾಕುವ ಮೊದಲು ಕೋಲಿನಿಂದ ಕೆದಕಿ ನೋಡಿ.

ಹೊಟ್ಟೆಗೆ ಏನು?

ಇದೇ ದೊಡ್ಡ ವಿಷಯ, ಇಲ್ಲೇ ಜಾಸ್ತಿ ತಪ್ಪು ಆಗುವುದು.

ಬೆಕ್ಕು ಮಾಂಸಾಹಾರಿ. ನಾಯಿಯ ಹಾಗೆ ಅನ್ನ ರೊಟ್ಟಿಯಲ್ಲಿ ಸುಧಾರಿಸುವ ದೇಹ ಅಲ್ಲ. ಟಾರಿನ್ ಎಂಬ ಅಂಶ ಅದಕ್ಕೆ ಬೇಕೇ ಬೇಕು, ಅದು ಸಿಗುವುದು ಮಾಂಸ ಮೀನುಗಳಲ್ಲಿ. ಬಹಳ ಕಾಲ ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಹಾಲಿನ ಕಥೆ ಬೇರೆ. ತಾಯಿ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣ ಮಾಡುವ ಶಕ್ತಿ ಬೆಕ್ಕಿನಲ್ಲಿ ಇಳಿಯುತ್ತಾ ಹೋಗುತ್ತದೆ. ಹಸುವಿನ ಹಾಲಿನಲ್ಲಿ ಆ ಸಕ್ಕರೆ ಬೆಕ್ಕಿನ ಹಾಲಿಗಿಂತ ಹೆಚ್ಚು. ಕೆಲವಕ್ಕೆ ಏನೂ ಆಗುವುದಿಲ್ಲ, ಹಲವಕ್ಕೆ ಭೇದಿ. ದೊಡ್ಡದಕ್ಕೆ ಭೇದಿಯಾದರೆ ಒಂದು ದಿನದ ತಾಪತ್ರಯ. 500 ಗ್ರಾಂ ಮರಿಯ ಮೈಯ ನೀರು ಒಂದು ದಿನದಲ್ಲಿ ಬತ್ತಿಹೋಗುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಂತೆ. ನನಗಂತೂ ಅದು ಎಲ್ಲರಿಗಿಂತ ಜಾಣ ಬೆಕ್ಕು.

ಹಾಗಾದರೆ ಸಸ್ಯಾಹಾರಿ ಮನೆಯವರು ಏನು ಮಾಡಬೇಕು? ನಮ್ಮ ಮನೆಯಲ್ಲಿ ಒಂದು ವಾರ ಇದೇ ಚರ್ಚೆ. ಕೊನೆಗೆ ಮರಿಗಳ ಒಣ ಆಹಾರದ ಪ್ಯಾಕೆಟ್ ತಂದೆವು. ಅದಕ್ಕೆ 'ಬೆಕ್ಕಿನ ಬಿಸ್ಕತ್ತು' ಅಂತ ಹೆಸರಿಟ್ಟೆವು. ಅದರೊಳಗೆ ಏನಿದೆ ಅಂತ ಆಯಿ (ಅಮ್ಮ) ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಪ್ಯಾಕೆಟ್ ಮೇಲೆ ಮರಿಗಳಿಗೆ ಅಂತಲೇ ಬರೆದಿರಬೇಕು, ದೊಡ್ಡ ಬೆಕ್ಕಿನದ್ದಲ್ಲ. ನಾಯಿಯದ್ದಂತೂ ಬೇಡವೇ ಬೇಡ. ಎರಡು ತಿಂಗಳ ಮರಿಗೆ ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡಿ. ಮೊಟ್ಟೆಗೆ ಅಭ್ಯಂತರ ಇಲ್ಲದ ಮನೆಯಲ್ಲಿ ಬೇಯಿಸಿದ ಮೊಟ್ಟೆಯ ಚೂರು ಆಗಾಗ ಕೊಡಬಹುದು. ಹಾಲನ್ನವನ್ನು ಪೂರ್ತಿ ಬಿಡಲು ಮನಸ್ಸಾಗದಿದ್ದರೆ, ಹೊಟ್ಟೆ ಕೆಡದ ದೊಡ್ಡ ಬೆಕ್ಕಿಗೆ ರುಚಿಗೆ ಒಂದು ಚಮಚ ಹಾಕಿ ಸಂತೋಷ ಪಡಿ.

ಕರಾವಳಿ ಮನೆಗಳಲ್ಲಿ ತೊಂದರೆ ಉಲ್ಟಾ. ಅಲ್ಲಿ ಮೀನು ಬಿಟ್ಟರೆ ಬೇರೆ ಇಲ್ಲ. ಬಂಗಡೆ, ತಾರ್ಲೆ ಕೊಡಬಹುದು, ಆದರೆ ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು. ಹಸಿ ಮೀನು ಬೇಡ. ಹಲವು ಜಾತಿಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ಹಾಳು ಮಾಡುವ ಅಂಶ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ಎಣ್ಣೆ ಜಾಸ್ತಿ ಇರುವ ಮೀನನ್ನೇ ದಿನಾ ಮೂರು ಹೊತ್ತು ತಿಂದರೆ ಇ ಜೀವಸತ್ವ ಕಡಿಮೆಯಾಗಿ ಮೈಯ ಕೊಬ್ಬು ಊದಿಕೊಂಡು ನೋಯುವ ಕಾಯಿಲೆ ಬರುತ್ತದೆ. ಒಣಮೀನು ಬರೀ ಉಪ್ಪು. ಮೀನು ಸಾರಿನ ಅನ್ನದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತದೆ, ಅವೆರಡೂ ಬೆಕ್ಕಿನ ರಕ್ತಕ್ಕೆ ವಿಷ. ಇನ್ನೊಂದು ಕಾರಣವೂ ಇದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ದುಬಾರಿ. ಮರಿಯಾಗಿದ್ದಾಗ ಮೀನು ಮಾತ್ರ ತಿಂದು ಬೆಳೆದ ಬೆಕ್ಕು ಆ ಎರಡು ತಿಂಗಳು ತಟ್ಟೆ ಮೂಸಿ ಮುಖ ತಿರುಗಿಸುತ್ತದೆ. ಕೆಳಗಿನ ಮನೆಯ ಅಕ್ಕ ಇದಕ್ಕೇ ಮರಿಗಳಿಗೆ ಎಲ್ಲವನ್ನೂ ರೂಢಿ ಮಾಡಿಸುತ್ತಿದ್ದರು: ಒಂದು ಹೊತ್ತು ಮೀನು, ಒಂದು ಹೊತ್ತು ಮೂಳೆ ತೆಗೆದ ಬೇಯಿಸಿದ ಕೋಳಿ, ಉಳಿದ ಹೊತ್ತು ಪ್ಯಾಕೆಟ್.

ಎಷ್ಟು ಸಲ? ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಆಹಾರ ಬದಲಿಸುವಾಗ ಒಂದು ವಾರ ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸಿ. ನೀರಿನ ಬಟ್ಟಲು ಊಟದ ತಟ್ಟೆಗೆ ತಾಗಿಕೊಂಡು ಬೇಡ, ಸ್ವಲ್ಪ ದೂರ ಇಟ್ಟರೆ ಹೆಚ್ಚು ಕುಡಿಯುತ್ತದೆ.

"ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡೀತಿಲ್ಲೆ" ಅನ್ನುವುದು ಆಯಿಯ ಕೊನೆಯ ಅಸ್ತ್ರ. ಹಾಗೇನಿಲ್ಲ. ಬೇಟೆಯ ಹುಚ್ಚು ಬೇರೆ, ಹಸಿವು ಬೇರೆ. ನಮ್ಮ ಬೆಕ್ಕು ಬಿಸ್ಕತ್ತು ತಿಂದು ಕೈ ನೆಕ್ಕಿಕೊಂಡು ಸೀದಾ ಅಟ್ಟ ಹತ್ತುತ್ತದೆ. ಹಿಡಿದ ಇಲಿಯನ್ನು ತಿನ್ನದೆ ಆಯಿಯ ಹಾಸಿಗೆ ಪಕ್ಕ ತಂದಿಡುತ್ತದೆ.

ಮಣ್ಣಿನ ಟಬ್ಬಿನ ಪಾಠ

ಇದು ಎಲ್ಲಕ್ಕಿಂತ ಸುಲಭ. ಕೆದರಿ, ಹೋಗಿ, ಮುಚ್ಚುವುದು ಬೆಕ್ಕಿನ ಹುಟ್ಟುಗುಣ. ಜಾಗ ತೋರಿಸುವುದಷ್ಟೇ ನಿಮ್ಮ ಕೆಲಸ.

ಮೂರು ನಾಲ್ಕು ಇಂಚು ಎತ್ತರದ ಪ್ಲಾಸ್ಟಿಕ್ ಟಬ್ ಸಾಕು, ಮರಿ ತಾನೇ ಹತ್ತಿ ಇಳಿಯಬೇಕು. ಒಳಗೆ ಎರಡು ಇಂಚು ಮರಳು, ಇಲ್ಲವೇ ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಮಣ್ಣು. ಮನೆ ಕಟ್ಟಿ ಉಳಿದ ಮರಳಿದ್ದರೆ ಅದೇ ಆದೀತು. ಶಿರಸಿಯಲ್ಲಿ ಮಳೆ ಹಿಡಿದರೆ ಒಣ ಮಣ್ಣು ಎಲ್ಲಿಯದು? ಮೇ ತಿಂಗಳಲ್ಲೇ ಎರಡು ಡಬ್ಬಿ ತುಂಬಿಡಿ. ಸಾಮಿಲ್ಲಿನ ಮರದ ಹೊಟ್ಟು, ಹರಿದ ಪೇಪರ್ ಕೂಡ ನಡೆಯುತ್ತದೆ. ಒಲೆ ಬೂದಿ ಬೇಡ. ಒದ್ದೆಯಾದ ಬೂದಿ ಚರ್ಮ ಸುಡುವಷ್ಟು ಖಾರ, ಮರಿ ಕಾಲು ನೆಕ್ಕಿದರೆ ಬಾಯಿಯೂ ಸುಡುತ್ತದೆ. ಅಂಗಡಿಯಲ್ಲಿ ಸಿಗುವ ಲಿಟರ್, ಅಂದರೆ ಬೆಕ್ಕಿನ ಟಬ್ಬಿಗೆಂದೇ ಮಾಡಿದ ಹರಳು, ತರುವುದಾದರೆ ಒದ್ದೆಯಾದಾಗ ಗಟ್ಟಿ ಉಂಡೆ ಕಟ್ಟುವ ಬಗೆಯದ್ದನ್ನು ತೀರಾ ಚಿಕ್ಕ ಮರಿಗೆ ಹಾಕಬೇಡಿ, ಅವು ಅದನ್ನು ತಿಂದು ನೋಡುತ್ತವೆ.

ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಹತ್ತು ಹದಿನೈದು ನಿಮಿಷಕ್ಕೆ, ಜೋರು ಆಟ ಆಡಿದ ಮೇಲೆ ಎತ್ತಿ ಟಬ್ಬಿನಲ್ಲಿ ಬಿಡಿ. ಕೈಬೆರಳಿನಿಂದ ಮಣ್ಣು ಕೆದರಿ ಸದ್ದು ಮಾಡಿ. ಮೊದಲ ಸಲ ಹೋದದ್ದರಲ್ಲಿ ಸ್ವಲ್ಪ ಅಲ್ಲೇ ಉಳಿಸಿದರೆ ಮುಂದಿನ ಸಲ ವಾಸನೆ ಹಿಡಿದು ತಾನೇ ಬರುತ್ತದೆ. ಆಮೇಲೆ ದಿನಕ್ಕೆ ಎರಡು ಸಲ ತೆಗೆಯಿರಿ. ಟಬ್ ಗಲೀಜಾದರೆ ಅದು ನಿಮ್ಮ ಮಡಚಿಟ್ಟ ಬಟ್ಟೆ ಆರಿಸಿಕೊಳ್ಳುತ್ತದೆ. ಮನೆಯಲ್ಲಿ ಬಸುರಿಯರಿದ್ದರೆ ಈ ಕೆಲಸ ಬೇರೆಯವರು ಮಾಡಲಿ. ಬೆಕ್ಕಿನ ಹೇಲಿನಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮ ಎಂಬ ಜೀವಿ ಹೊಟ್ಟೆಯ ಮಗುವಿಗೆ ಅಪಾಯ. ಅದು ಅಂಟುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು, ಹಾಗಾಗಿ ದಿನಾ ಶುಚಿ ಮಾಡುವ ಮನೆಯಲ್ಲಿ ಭಯ ಕಡಿಮೆ.

ಎಲ್ಲೋ ಮೂಲೆಯಲ್ಲಿ ಮಾಡಿತು ಅಂತ ಮೂತಿ ಹಿಡಿದು ತಿಕ್ಕುವುದು ನಮ್ಮ ಕಡೆಯ ಹಳೆಯ ಪಾಠ. ಮರಿ ಅದರಿಂದ ಕಲಿಯುವುದು ಒಂದೇ: ನೀವಿದ್ದಾಗ ಮಾಡಬಾರದು, ಕದ್ದು ಮಾಡಬೇಕು. ಸಾಬೂನು ನೀರಿನಲ್ಲಿ ತೊಳೆದು, ವಾಸನೆ ಹೋಗುವ ತನಕ ಒರೆಸಿ, ಆ ಜಾಗದಲ್ಲಿ ಊಟದ ತಟ್ಟೆ ಇಡಿ. ತಿನ್ನುವ ಜಾಗವನ್ನು ಬೆಕ್ಕು ಕೊಳಕು ಮಾಡುವುದಿಲ್ಲ. ಫಿನಾಯಿಲ್ ಹಾಕಬೇಡಿ, ಬೆಕ್ಕಿನ ಯಕೃತ್ತು ಅದನ್ನು ತಡೆಯುವುದಿಲ್ಲ.

ಕಚ್ಚುವುದು, ಪರಚುವುದು, ಕಟ್ಟೆ ಹತ್ತುವುದು

ಕೈಬೆರಳು ಆಡಿಸಿ ಕಚ್ಚಿಸಿಕೊಳ್ಳುವುದು ಎರಡು ತಿಂಗಳ ಮರಿಯಲ್ಲಿ ಮುದ್ದು. ಆರು ತಿಂಗಳಿಗೆ ರಕ್ತ ಬರುತ್ತದೆ. ಮೊದಲ ದಿನದಿಂದಲೇ ಕೈ ಆಟದ ಸಾಮಾನಲ್ಲ ಅಂತ ಇರಲಿ. ಕೋಲಿನ ತುದಿಗೆ ಬಟ್ಟೆ ಕಟ್ಟಿ ಆಡಿಸಿ. ಕಚ್ಚಿದರೆ ಹೊಡೆಯಬೇಡಿ, ಕೈ ಜಗ್ಗಬೇಡಿ. ಕೈ ಅಲ್ಲಾಡಿಸದೆ ನಿಲ್ಲಿಸಿ, ಎದ್ದು ಹೋಗಿ. ಆಟ ನಿಂತಿತು ಅನ್ನುವುದೇ ಅದಕ್ಕೆ ಶಿಕ್ಷೆ. ಮೂರೂವರೆಯಿಂದ ಆರು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸತು ಬರುವ ಕಾಲ, ಆಗ ಎಲ್ಲವನ್ನೂ ಅಗಿಯುತ್ತದೆ. ಮೊಬೈಲ್ ಚಾರ್ಜರ್ ವೈರ್ ಎತ್ತಿಡಿ. ದಾರ, ಹೂವಿನ ಮಾಲೆಯ ನೂಲು, ರಬ್ಬರ್ ಬ್ಯಾಂಡ್, ಕರಾವಳಿಯಲ್ಲಾದರೆ ಗಾಳದ ದಾರ, ಇವು ಆಟಕ್ಕೆ ಸಿಗಬಾರದು. ನುಂಗಿದ ದಾರ ಕರುಳನ್ನೇ ಸೇರಿಸಿ ಹೊಲಿದಂತೆ ಬಿಗಿಯುತ್ತದೆ. ಹಿಂದಿನಿಂದ ದಾರದ ತುದಿ ಕಂಡರೆ ಎಳೆಯಬೇಡಿ, ಡಾಕ್ಟರ ಹತ್ತಿರ ಒಯ್ಯಿರಿ.

ಪರಚುವುದನ್ನು ನಿಲ್ಲಿಸಲು ಆಗುವುದಿಲ್ಲ, ಜಾಗ ಬದಲಿಸಬಹುದು. ನಿಮ್ಮ ಮೊಣಕಾಲೆತ್ತರಕ್ಕಿಂತ ಉದ್ದದ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ಅಲ್ಲಾಡದ ಹಾಗೆ ನಿಲ್ಲಿಸಿ. ಮಲಗುವ ಜಾಗದ ಹತ್ತಿರವೇ ಇರಲಿ, ಯಾಕೆಂದರೆ ಎದ್ದ ಕೂಡಲೇ ಮೈ ಮುರಿದು ಪರಚುವುದು ಅಭ್ಯಾಸ. ನಮ್ಮದು ಹಳೆ ಒನಕೆ.

ಅಡುಗೆಕಟ್ಟೆಯ ವಿಷಯದಲ್ಲಿ ಹಿರಿಯರು ನಮಗಿಂತ ಬುದ್ಧಿವಂತರು. ಬೆಕ್ಕಿಗೆ ಬೈಯುವ ಬದಲು ಹಾಲು ತುಪ್ಪವನ್ನು ನೆಲುವಿನಲ್ಲಿ ತೂಗುಹಾಕುತ್ತಿದ್ದರು. ಈಗ ಮುಚ್ಚಳದ ಮೇಲೆ ಕಲ್ಲು ಇಡಿ, ಫ್ರಿಜ್ಜಿಗೆ ಸೇರಿಸಿ. ಕಟ್ಟೆ ಮೇಲೆ ಒಂದು ಸಲವೂ ಏನೂ ಸಿಗದಿದ್ದರೆ ಹತ್ತುವುದು ತಾನಾಗಿ ಕಡಿಮೆಯಾಗುತ್ತದೆ. ಒಂದು ಸಲ ಸಿಕ್ಕಿದರೆ ಮುಗಿಯಿತು, ನೂರು ಸಲ ಬಂದು ನೋಡುತ್ತದೆ.

ಹೆಸರು ಚಿಕ್ಕದಿರಲಿ. ಪ್ರತಿ ಊಟಕ್ಕೂ ಒಂದೇ ಹೆಸರು, ಒಂದೇ ದನಿ, ತಟ್ಟೆಯ ಒಂದೇ ಸದ್ದು. ಎರಡು ವಾರದಲ್ಲಿ ಓಡಿ ಬರುತ್ತದೆ. ಬೈಯಲು ಆ ಹೆಸರು ಬಳಸಬೇಡಿ. ದಿನಾ ಒಂದು ನಿಮಿಷ ಕಿವಿ, ಬಾಯಿ, ಪಾದ ಮುಟ್ಟಿ ನೋಡುವ ರೂಢಿ ಮಾಡಿ, ಮುಂದೆ ಔಷಧಿ ಕುಡಿಸುವಾಗ ನಿಮ್ಮ ಕೈ ಉಳಿಯುತ್ತದೆ.

ಮನೆಯೊಳಗಿನ ವಿಷ

ಪ್ಯಾರಾಸಿಟಮಾಲ್. ಮರಿಗೆ ಜ್ವರ ಅಂತ ಕಾಲು ಮಾತ್ರೆ ಕೊಡುವವರಿದ್ದಾರೆ. ಆ ಚೂರೇ ಬೆಕ್ಕನ್ನು ಕೊಲ್ಲಬಲ್ಲದು. ಯಾವ ಮನುಷ್ಯರ ಔಷಧಿಯೂ ಬೇಡ.

ನಾಯಿಯ ಚಿಗಟಕ್ಕೆ ಕುತ್ತಿಗೆ ಮೇಲೆ ಹಾಕುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ನಂಜು. ನುಸಿಗುಳಿಗೆ, ಇಲಿಪಾಷಾಣ ಹೇಳುವುದೇ ಬೇಡ. ಬೆಕ್ಕು ಇರುವ ಮನೆಯಲ್ಲಿ ಇಲಿಪಾಷಾಣ ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ. ಲಿಲ್ಲಿ ಜಾತಿಯ ಹೂವಿನ ಗಿಡದ ಎಲೆ, ಹೂವು, ಪರಾಗ ಎಲ್ಲವೂ ಮೂತ್ರಪಿಂಡ ಕೆಡಿಸುತ್ತದೆ. ಹೊಳೆಬದಿಯಲ್ಲಿ ಅರಳುವ ಗೌರಿಹೂವೂ ವಿಷವೇ.

ತೋಟದ ಮನೆಯವರು ಗಮನಿಸಬೇಕಾದ್ದು ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಔಷಧಿ, ಬೋರ್ಡೋ ದ್ರಾವಣ. ಮೈಲುತುತ್ತ ಸುಣ್ಣ ಕಲಸಿದ ಡ್ರಮ್ಮು, ಸೋರಿದ ಪೈಪು ಅಂಗಳದಲ್ಲೇ ಇರುತ್ತದೆ. ಮರಿ ಅದರ ಮೇಲೆ ನಡೆದು, ಆಮೇಲೆ ಕಾಲು ನೆಕ್ಕುತ್ತದೆ. ಬೋರ್ಡೋ ಹೊಡೆಯುವ ಎರಡು ದಿನ ಒಳಗೆ ಕೂಡಿಹಾಕಿ. ಕಾಲಿಗೆ ನೀಲಿ ಅಂಟಿದ್ದು ಕಂಡರೆ ಕೂಡಲೇ ತೊಳೆಯಿರಿ.

ಲಸಿಕೆ, ಹುಳು, ಚಿಗಟ

ಮನೆಗೆ ಬಂದ ವಾರದೊಳಗೆ ಪಶುವೈದ್ಯರಿಗೆ ತೋರಿಸಿ. ತಾಲೂಕಿನ ಪಶು ಆಸ್ಪತ್ರೆಗಳಲ್ಲಿ ದನಕರುಗಳ ಕೆಲಸವೇ ಜಾಸ್ತಿ, ಬೆಕ್ಕಿನ ಲಸಿಕೆ ಯಾವಾಗಲೂ ದಾಸ್ತಾನು ಇರುವುದಿಲ್ಲ. ಮೊದಲೇ ಫೋನ್ ಮಾಡಿ ಕೇಳಿ ಹೋದರೆ ಒಂದು ತಿರುಗಾಟ ಉಳಿಯುತ್ತದೆ. ಮೂರು ರೋಗಕ್ಕೆ ಸೇರಿಸಿ ಕೊಡುವ ಲಸಿಕೆ ಎಂಟನೇ ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರನೇ ವಾರದವರೆಗೆ. ರೇಬಿಸ್ ಲಸಿಕೆ ಹನ್ನೆರಡನೇ ವಾರಕ್ಕೆ. ಎರಡಕ್ಕೂ ಒಂದು ವರ್ಷದ ನಂತರ ಮತ್ತೆ. ಹುಳುವಿನ ಔಷಧಿ ಎರಡು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅದೂ ತೂಕ ನೋಡಿ ಡಾಕ್ಟರು ಹೇಳಿದಷ್ಟೇ. ಮೈ ಬಡಕಲು, ಹೊಟ್ಟೆ ಮಾತ್ರ ಗುಡಾಣ ಆಗಿದ್ದರೆ ಹುಳು ಇದೆ ಅಂತಲೇ ತಿಳಿಯಿರಿ.

ಲಸಿಕೆ ಆಗದ ಮರಿ ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಗಾಯವನ್ನು ಹರಿಯುವ ನೀರು, ಸಾಬೂನಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಸುಣ್ಣ ಅರಿಸಿನ ಮೆತ್ತಬೇಡಿ.

ಚಿಗಟವನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ಸಾಬೂನು ನೀರಿಗೆ ಹಾಕಿ. ತಂಬಾಕು ನೀರು, ಸೀಮೆಎಣ್ಣೆ ಹಚ್ಚುವುದು ಬೇಡ, ಮರಿ ನೆಕ್ಕಿಯೇ ನೆಕ್ಕುತ್ತದೆ. ಚಿಗಟ ತುಂಬಿದ ಚಿಕ್ಕ ಮರಿ ರಕ್ತ ಕಡಿಮೆಯಾಗಿಯೇ ಸಾಯಬಹುದು, ವಸಡು ಬಿಳಿಚಿದ್ದರೆ ತಡ ಮಾಡಬೇಡಿ. ದುಂಡಗೆ ಕೂದಲು ಉದುರಿದರೆ ಹುಳಕಡ್ಡಿ, ಮನೆಯ ಮಕ್ಕಳಿಗೂ ಅಂಟುತ್ತದೆ. ಮರಿ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ, ವಾಂತಿ ಭೇದಿ ಎರಡೂ ಒಟ್ಟಿಗೆ ಇದ್ದರೆ, ಬೆನ್ನಿನ ಚರ್ಮ ಎತ್ತಿ ಬಿಟ್ಟಾಗ ಕೂಡಲೇ ಕೂರದಿದ್ದರೆ, ನಾಳೆ ನೋಡೋಣ ಅನ್ನಬೇಡಿ.

ಹೊರಗೆ ಬಿಡುವುದು

ಪೇಟೆಯ ಫ್ಲ್ಯಾಟಿನಲ್ಲಿ ಒಳಗೇ ಇಟ್ಟರೆ ಸರಿ. ಹಂಚಿನ ಮನೆಯಲ್ಲಿ ಬೆಕ್ಕನ್ನು ಒಳಗೆ ಹಿಡಿದಿಡುತ್ತೇನೆ ಅನ್ನುವವರು ನನಗೆ ಹೇಳಿಕೊಡಲಿ. ಆದರೂ ಲಸಿಕೆ ಮುಗಿಯುವ ತನಕ ಬಿಡಬೇಡಿ. ಮೊದಲ ಸಲ ಹಗಲಿನಲ್ಲಿ, ಊಟಕ್ಕೆ ಸ್ವಲ್ಪ ಮೊದಲು, ಹಸಿದಿರುವಾಗ ಅಂಗಳಕ್ಕೆ ಬಿಡಿ. ಹತ್ತು ನಿಮಿಷ ಬಿಟ್ಟು ತಟ್ಟೆ ಬಡಿದು ಕರೆಯಿರಿ. ಕೊರಳಿಗೆ ಪಟ್ಟಿ ಹಾಕುವುದಾದರೆ ಎಳೆದರೆ ಬಿಚ್ಚಿಕೊಳ್ಳುವಂಥದ್ದೇ ಇರಲಿ, ಕೊಂಬೆಗೆ ಸಿಕ್ಕಿಕೊಂಡರೆ ಗಟ್ಟಿ ಪಟ್ಟಿ ಉರುಳಾಗುತ್ತದೆ.

ಮುಸ್ಸಂಜೆಗೆ ಒಳಗೆ ಸೇರಿಸಿ ಬಾಗಿಲು ಹಾಕಿ. ಘಟ್ಟದ ಮೇಲೆ ಚಿರತೆ ಅಂಗಳದ ತನಕ ಬರುತ್ತದೆ. ಊರಿನ ಮಾಳಬೆಕ್ಕು ಚಿಕ್ಕ ಮರಿಯನ್ನು ಕೊಂದುಹಾಕುತ್ತದೆ, ಹಾವೂ ಇದೆ. ಕಾರವಾರ, ಅಂಕೋಲಾ, ಕುಮಟಾ ಕಡೆ ಹೆದ್ದಾರಿ 66 ಚಿರತೆಗಿಂತ ಕೆಟ್ಟದ್ದು. ಮಳೆಗಾಲದ ರಾತ್ರಿ ಮರಿಗಳು ಕಾರಿನ ಬಿಸಿ ಎಂಜಿನ್ ಒಳಗೆ ಹೋಗಿ ಮಲಗುತ್ತವೆ, ಬೆಳಿಗ್ಗೆ ಬಾನೆಟ್ ತಟ್ಟಿ ಆಮೇಲೆ ಸ್ಟಾರ್ಟ್ ಮಾಡಿ.

ಹೊರಗಿಂದ ಬಂದಾಗ ಮೈ ಸವರಿ ನೋಡಿ. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯಲ್ಲಿ ಉಂಬಳ, ಬೇಸಿಗೆಯಲ್ಲಿ ಕಿವಿ ಕುತ್ತಿಗೆಯಲ್ಲಿ ಉಣ್ಣೆ. ಉಣ್ಣೆಯನ್ನು ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹಿಸುಕಬೇಡಿ. ಸಿದ್ದಾಪುರ ಕಡೆಯವರಿಗೆ, ಉಣ್ಣೆಯಿಂದ ಹರಡುವ ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿನ ಉಣ್ಣೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ.

ಐದನೇ ತಿಂಗಳ ಕೆಲಸ

ಹೆಣ್ಣೋ ಗಂಡೋ ಗೊತ್ತಾಗದಿದ್ದರೆ ಬಾಲ ಎತ್ತಿ ನೋಡಿ. ಎರಡು ಚುಕ್ಕೆ ದೂರ ದೂರ ಇದ್ದರೆ ಗಂಡು, ಚುಕ್ಕೆಯ ಕೆಳಗೆ ಹತ್ತಿರದಲ್ಲೇ ಸಣ್ಣ ಗೀರು ಇದ್ದರೆ ಹೆಣ್ಣು. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇರುವ ಮರಿ ಬಹುತೇಕ ಯಾವಾಗಲೂ ಹೆಣ್ಣು.

ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ನೆಲದ ಮೇಲೆ ಹೊರಳಿ ರಾತ್ರಿಯಿಡೀ ಕೂಗುತ್ತದೆ, ಕಾಯಿಲೆ ಅಂತ ಗಾಬರಿಯಾಗುವವರೂ ಇದ್ದಾರೆ. ಗರ್ಭ 63ರಿಂದ 65 ದಿನ. ಒಂದು ಸೂಲಿಗೆ ನಾಲ್ಕು ಮರಿ ಅಂದರೆ ವರ್ಷದೊಳಗೆ ಗೋಣಿಚೀಲ ಹಿಡಿದು ಮರಿ ಬೇಕಾ ಅಂತ ಕೇಳುತ್ತಾ ಹೋಗುವವರು ನೀವೇ. ಐದನೇ ತಿಂಗಳಲ್ಲೇ ಡಾಕ್ಟರ ಹತ್ತಿರ ಸಂತಾನಹರಣ ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡಿಕೊಳ್ಳಿ. ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸೋಣ ಅನ್ನುವುದರಿಂದ ಬೆಕ್ಕಿಗೆ ಲಾಭ ಏನೂ ಇಲ್ಲ. ಗಂಡಿಗೂ ಮಾಡಿಸಿ. ಊರೆಲ್ಲ ಸುತ್ತಿ ಹೊಡೆದಾಡಿ ಗಾಯ ಮಾಡಿಕೊಳ್ಳುವುದು, ಗೋಡೆಗೆ ಉಚ್ಚೆ ಹಾರಿಸುವುದು ಎರಡೂ ಕಡಿಮೆಯಾಗುತ್ತದೆ.

ಶಸ್ತ್ರಚಿಕಿತ್ಸೆಯ ಮೊದಲು ಎಷ್ಟು ತಾಸು ಉಪವಾಸ ಅಂತ ಡಾಕ್ಟರನ್ನೇ ಕೇಳಿ, ಮರಿಗಳಿಗೆ ದೊಡ್ಡ ಬೆಕ್ಕಿನಷ್ಟು ಹೊತ್ತು ಖಾಲಿ ಹೊಟ್ಟೆ ಆಗುವುದಿಲ್ಲ. ಮನೆಗೆ ತಂದ ಮೇಲೆ ಮೊದಲ ದಿನದ ಅದೇ ಕೋಣೆ, ಅದೇ ಪೆಟ್ಟಿಗೆ. ಟಬ್ಬಿನಲ್ಲಿ ಮಣ್ಣಿನ ಬದಲು ಪೇಪರ್ ಹಾಕಿ, ಧೂಳು ಹೊಲಿಗೆಗೆ ಸೇರಬಾರದು. ಹತ್ತು ದಿನ ಅಟ್ಟ ಹತ್ತಲು, ಹೊಲಿಗೆ ನೆಕ್ಕಲು ಬಿಡಬೇಡಿ. ಹೊಲಿಗೆ ಒದ್ದೆಯಾಗಿ ಕೆಂಪಗೆ ಊದಿದ್ದು ಕಂಡರೆ ಅವತ್ತೇ ತೋರಿಸಿ.